ಹೊಸ ಮನೆಗೆ ಹಳೇ ಸಾಮಾನು

ರಾಮನಗರ
ಭಾನುವಾರ, ೧ ಫೆಬ್ರವರಿ ೨೦೨೬

ಪ್ರೀತಿಯ ಮುಬಶ್ಶಿರಾಗೆ,

ಅಸ್ಸಲಾಮು ಅಲೈಕುಂ. ನೀನು ನನ್ನ ನಂಬರ್ ಬ್ಲಾಕ್ ಮಾಡಿದ ಮೇಲೆ ನನಗೆ ಉಳಿದಿರುವ ದಾರಿ ಇದೊಂದೇ. ಮನೆಯಲ್ಲಿ ಇಬ್ಬರೂ ಉರ್ದು ಆಡಿದರೂ ಇಬ್ಬರಿಗೂ ಬರೆಯಲು ಬರುವುದು ಕನ್ನಡ, ಎಲ್ಲ ಸರ್ಕಾರಿ ಶಾಲೆಯ ಪುಣ್ಯ. ಇದನ್ನು ನಿನ್ನ ಅಣ್ಣ ಸಾಬೀರ್ ಕೈಯಲ್ಲಿ ಚನ್ನಪಟ್ಟಣಕ್ಕೆ ಕಳಿಸುತ್ತಿದ್ದೇನೆ. ಅವನು ಬಿಚ್ಚಿ ಓದುವವನಲ್ಲ. ಓದಿದರೂ ಚಿಂತೆಯಿಲ್ಲ, ನಾಚಿಕೆ ಪಡಬೇಕಾದಷ್ಟು ಪಟ್ಟಾಗಿದೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಮನೆ ಸಿದ್ಧವಾಗಿದೆ. ನಿಮ್ಮ ಅಬ್ಬಾ ತಾಜ್ ಪಾಷಾ ಅವರ ನಡುಮನೆಯಲ್ಲಿ ಹಿರಿಯರೆಲ್ಲ ಕೂತ ದಿನ ನೀನು ಹೇಳಿದ್ದೆ, ನಮ್ಮ ರೇಷ್ಮೆ ಬಿಚ್ಚುವ ಮನೆಯ ವಾಸನೆ ನಿನಗೆ ಆಗುವುದಿಲ್ಲ, ರಂಜಾನ್ ಶುರುವಾಗುವುದರೊಳಗೆ ಬೇರೆ ಮನೆ ಮಾಡಿದರೆ ಬರುತ್ತೀಯ, ಇಲ್ಲದಿದ್ದರೆ ಜಮಾತಿನವರ ಮುಂದೆ ಖುಲಾ ಕೇಳಿ ಈ ಮದುವೆಯನ್ನೇ ಮುಗಿಸುತ್ತೀಯ ಎಂದು. ರಂಜಾನಿಗೆ ಇನ್ನೂ ಎರಡು ವಾರವಿದೆ. ಐಜೂರಿನಲ್ಲಿ, ರೇಷ್ಮೆಗೂಡು ಬೇಯಿಸುವ ಒಲೆ ಒಂದೂ ಇಲ್ಲದ ಬೀದಿಯಲ್ಲಿ, ಅಂಕಮ್ಮ ಅನ್ನುವವರ ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಹಿಡಿದಿದ್ದೇನೆ. ಎರಡು ಕೋಣೆ, ಅಡಿಗೆಮನೆ, ಹಿತ್ತಿಲಲ್ಲಿ ಒಂದು ನಲ್ಲಿ ಮತ್ತು ಒಗೆಯುವ ಕಲ್ಲು. ಬೆಳಗಿನ ಬಿಸಿಲು ಅಡಿಗೆಮನೆಯವರೆಗೂ ಬರುತ್ತದೆ.

ಹಾಗಾದರೆ ಬಾ ಎಂದು ಎರಡೇ ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಈ ಮನೆಗೆ ಸಾಮಾನು ಕೂಡಿಸುವಾಗ ಒಂದು ವಿಷಯ ತಿಳಿದುಬಂತು. ಅದನ್ನು ನಿನ್ನ ಹತ್ತಿರ ಕೇಳದೆ ಬಾ ಅನ್ನಲು ನನಗೆ ಧೈರ್ಯ ಸಾಲುತ್ತಿಲ್ಲ. ಅದಕ್ಕೇ ಒಸಿ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳದೆ ಓದು.

ಎಲ್ಲ ಹೊಸದಾಗಿ ಕೊಳ್ಳುವ ಶಕ್ತಿ ಈ ವರ್ಷ ಇರಲಿಲ್ಲ. ಮಾರುಕಟ್ಟೆಯಲ್ಲಿ ಗೂಡಿನ ರೇಟು ಏರಿದಷ್ಟು ನೂಲಿನ ರೇಟು ಏರಲಿಲ್ಲ, ನೂಲು ಬಿಚ್ಚುವ ರೀಲರ್ ಮನೆಗೆ ಸೊಸೆಯಾಗಿ ಬಂದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ತವರಿನಿಂದ ಜಹೇಜಾಗಿ ಬಂದ ಮಂಚ, ಬೀರು ಎಲ್ಲ ನಮ್ಮಲ್ಲೇ ಇವೆ. ಆದರೆ ಆ ಮನೆಯಿಂದ ಒಂದು ಚಮಚವನ್ನೂ ತರಕೂಡದು ಎಂದು ನೀನು ಸಾಬೀರ್ ಹತ್ತಿರ ಹೇಳಿ ಕಳಿಸಿದ್ದೆ. ಆಗ ಅದು ನಿನ್ನ ಸೊಕ್ಕು ಎಂದುಕೊಂಡೆ. ಮೊದಲು ಬಟ್ಟೆ ಒಗೆಯುವ ಮಿಷನ್ ತೆಗೆದುಕೊಳ್ಳಲಿ, ಮಂಚ ಆಮೇಲೆ ಎಂದೂ ನೀನು ಹೇಳಿ ಕಳಿಸಿದ್ದೆ. ಮಲಗುವುದಕ್ಕೆ ಮುಂಚೆ ಒಗೆಯುವುದು ಯಾಕೋ ಎಂದು ನಾನೂ ಇದ್ರೀಸನೂ ನಗಾಡಿದೆವು.

ನಮ್ಮ ಚಿಕ್ಕಪ್ಪನ ಮಗ ಇದ್ರೀಸ್ ನಿನಗೆ ಗೊತ್ತಲ್ಲ, ಗೂಡ್ಸ್ ಆಟೋ ಓಡಿಸುವವನು. ಅವನೇ ನನ್ನ ಫೋನಿಗೆ ಆ ಹಳೇ ಸಾಮಾನಿನ ಆ್ಯಪ್ ಹಾಕಿಕೊಟ್ಟ. ಅಲ್ಲಿ ನೋಡಿದರೆ ಎಲ್ಲವೂ ಹೊಸದರಂತಿದೆ, ಎಲ್ಲವನ್ನೂ ಒಬ್ಬರೇ ಬಳಸಿದ್ದಾರೆ, ಎಲ್ಲರೂ ಊರು ಬಿಡುತ್ತಿರುವುದರಿಂದ ಅರ್ಜೆಂಟಾಗಿ ಮಾರುತ್ತಿದ್ದಾರೆ. ಅಷ್ಟು ಜನ ನಿಜವಾಗಿ ಊರು ಬಿಟ್ಟಿದ್ದರೆ ಮಾಗಡಿ, ಕನಕಪುರ ಎರಡೂ ಇಷ್ಟು ಹೊತ್ತಿಗೆ ಖಾಲಿಯಾಗಬೇಕಿತ್ತು. ಇದೆಯಾ ಎಂದು ಕೇಳಿದರೆ ಉತ್ತರವಿಲ್ಲ. ಉತ್ತರ ಬಂದರೆ ವಿಳಾಸವಿಲ್ಲ. ವಿಳಾಸ ಸಿಕ್ಕಿ ಹೋದರೆ ಸಾಮಾನಿಲ್ಲ.

ಮೊದಲು ಹೋದದ್ದು ಮಾಗಡಿಗೆ, ಮಂಚಕ್ಕಾಗಿ. ಹಾಕಿದ್ದವನು ಶಿವಕುಮಾರ್ ಎಂಬಾತ. ಬೆಳಿಗ್ಗೆ ಫೋನಿನಲ್ಲಿ ಬನ್ನಿ ಅಂದಿದ್ದ. ಇದ್ರೀಸನ ಆಟೋದಲ್ಲಿ ಡೀಸೆಲ್ ಸುಟ್ಟುಕೊಂಡು ಹೋದರೆ ಮಂಚ ಹಿಂದಿನ ವಾರವೇ ಹೋಗಿದೆ. ಮತ್ತೆ ಯಾಕಪ್ಪಾ ಬನ್ನಿ ಅಂದೆ ಎಂದರೆ, ಅವನು ತಾನು ಮಾರಲಿಟ್ಟಿದ್ದ ಮೇಜಿನ ವಿಷಯ ಎಂದು ತಿಳಿದಿದ್ದನಂತೆ. ಜಾಹೀರಾತು ತೆಗೆಯುವುದು ಹೇಗೆಂದು ಅವನಿಗೆ ಗೊತ್ತಿಲ್ಲ, ದಿನವೂ ಜನ ಫೋನ್ ಮಾಡಿ ತಲೆ ತಿನ್ನುತ್ತಾರಂತೆ. ಕೊನೆಗೆ ಅವನ ಫೋನು ಇಸಕೊಂಡು ನಾನೇ ಅದನ್ನು ತೆಗೆದುಕೊಟ್ಟೆ. ನಿಮ್ಮಿಂದ ದೊಡ್ಡ ಉಪಕಾರವಾಯಿತು ಎಂದು ಕೈ ಮುಗಿದ. ಉಪಕಾರ ಮಾಡಿ ಖಾಲಿ ಆಟೋದಲ್ಲಿ ವಾಪಸ್ ಬಂದೆವು.

ಆಮೇಲೆ ಒಬ್ಬ ಮಿಲಿಟರಿಯವನು. ಫೋಟೋದಲ್ಲಿ ಸಮವಸ್ತ್ರ ಹಾಕಿಕೊಂಡು ಒಳ್ಳೇ ಮನುಷ್ಯನ ಹಾಗೆ ನಿಂತಿದ್ದ. ಕಾಶ್ಮೀರಕ್ಕೆ ವರ್ಗವಾಗಿದೆ, ಫ್ರಿಜ್ ಬೇಗ ಮಾರಬೇಕು, ಮುಂಗಡ ಕಳಿಸಿದರೆ ಮಿಲಿಟರಿ ಲಾರಿಯಲ್ಲೇ ಮನೆಗೆ ತಲುಪಿಸುತ್ತೇವೆ ಎಂದ. ದೇಶ ಕಾಯುವವರ ಹತ್ತಿರ ಚೌಕಾಸಿ ಮಾಡುವುದೇ ಎಂದು ಕಳಿಸಿಬಿಟ್ಟೆ. ಫ್ರಿಜ್ಜೂ ಇಲ್ಲ, ಲಾರಿಯೂ ಇಲ್ಲ, ಮಾರನೇ ದಿನದಿಂದ ಮಿಲಿಟರಿಯವನೂ ಇಲ್ಲ. ಇದ್ರೀಸ್ ಹೇಳಿದ, ಈ ಮಿಲಿಟರಿಯವನು ಇಡೀ ರಾಮನಗರಕ್ಕೇ ಗೊತ್ತು, ನಿನಗೊಬ್ಬನಿಗೆ ಗೊತ್ತಿರಲಿಲ್ಲ ಎಂದು. ನೀನಿದ್ದಿದ್ದರೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಳ್ಳುತ್ತಿದ್ದೆ.

ಇಷ್ಟಾದರೂ ಹಟ ಬಿಡಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಬಹಳ ಹುಷಾರಾಗಿದ್ದೆ, ಅದು ವಾಸನೆ. ಯಾರ ಮನೆಗೆ ಹೋದರೂ ಬೀರುವಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿ ಮೂಸುತ್ತಿದ್ದೆ. ಫ್ರಿಜ್ಜಿನೊಳಗೆ ಮೂಗು, ಮಂಚದ ಹಲಗೆಗೆ ಮೂಗು. ಮಾರುವವರು ಒಂಥರಾ ನೋಡುತ್ತಿದ್ದರು. ನೋಡಲಿ ಬಿಡು, ರೇಷ್ಮೆಹುಳದ ವಾಸನೆ ಇರುವ ಒಂದು ಸಾಮಾನೂ ನಿನ್ನ ಮನೆ ಹೊಗಬಾರದು ಎಂದು ನಾನು ತೀರ್ಮಾನ ಮಾಡಿಯಾಗಿತ್ತು. ಎಲ್ಲೂ ಏನೂ ವಾಸನೆ ಬರಲಿಲ್ಲ. ನನಗೆ ಬಹಳ ಸಮಾಧಾನವಾಗಿತ್ತು.

ಬಟ್ಟೆ ಒಗೆಯುವ ಮಿಷನ್ ಸಿಕ್ಕಿದ್ದು ಕನಕಪುರದಲ್ಲಿ. ಭಾನುಪ್ರಿಯ ಅಂತ, ಬ್ಯೂಟಿ ಪಾರ್ಲರ್ ಇಟ್ಟಿದ್ದಾರೆ. ಫೋಟೋದಲ್ಲಿ ಥಳಥಳ ಅನ್ನುತ್ತಿತ್ತು. ಮಿಷನ್ ಒಗೆಯುತ್ತದೆ, ಹಿಂಡುವುದಿಲ್ಲ ಎಂದು ಅಲ್ಲಿಗೆ ಹೋದ ಮೇಲೆ ಹೇಳಿದರು. ಜಾಹೀರಾತಿನಲ್ಲಿ ಯಾಕೆ ಬರೆಯಲಿಲ್ಲ ಎಂದರೆ, ಬರೆದರೆ ಯಾರು ಬರುತ್ತಾರೆ ಅಂದರು. ಅದೂ ಸರಿಯೇ. ಆ ಜನವರಿಯ ಚಳಿಯಲ್ಲೂ ನನಗೆಂದು ಫ್ಯಾನ್ ಹಾಕಿದರು, ಕಿಟಕಿ ತೆಗೆದರು. ಒಳ್ಳೆಯ ಹೆಂಗಸು ಎಂದುಕೊಂಡು ಹಿಂಡದ ಮಿಷನ್ನನ್ನೇ ತಂದೆ. ಹಿಂಡಲು ನನಗೆ ಕೈಗಳಿವೆ.

ಬೀರು ಕೋಡಿಹಳ್ಳಿಯ ಬೋರಲಿಂಗಯ್ಯ ಎಂಬುವರದು. ಹಸು ಕಟ್ಟಿಕೊಂಡು ಬೇಸಾಯ ಮಾಡುವವರು. ಬಾಗಿಲಲ್ಲಿ ನಿಂತು ಬೀರು ನೋಡಲು ಬಂದೆ ಎಂದರೆ ಅವರಿಗೆ ಸುದ್ದಿಯೇ ಗೊತ್ತಿಲ್ಲ. ಅಪ್ಪನನ್ನು ಕೇಳದೆ ಮಗ ಫೋಟೋ ತೆಗೆದು ಹಾಕಿದ್ದ. ಆ ಬೀರುವಿನಲ್ಲಿ ಅವರ ಪಹಣಿ, ಪಾಸ್‌ಬುಕ್, ಹೆಂಡತಿಯ ಧಾರೆ ಸೀರೆ ಎಲ್ಲ ಇತ್ತು. ಅಪ್ಪ ಮಗನಿಗೆ ಫೋನು ಹಚ್ಚಿ ಬೈದರು, ಮಗ ಆ ಕಡೆಯಿಂದ ಹೊಸದು ತರುತ್ತೇನೆ ಎಂದು ಸಮಾಧಾನ ಹೇಳಿದ. ನಾನು ನಡುವೆ ನಿಂತು ಇಬ್ಬರಿಗೂ ಪಂಚಾಯಿತಿ ಮಾಡಿದೆ. ಒಳಗಿನ ಸಾಮಾನು ತೆಗೆಯುವವರೆಗೂ ನನ್ನನ್ನು ಹೊರಗೆ ಕೂರಿಸಿದರು. ಒಳಗೆ ಸೆಕೆ, ಆಚೇನೇ ಗಾಳಿ ಚೆನ್ನಾಗಿದೆ ಎಂದು ದನದ ಕೊಟ್ಟಿಗೆಯ ಆಚೆ ಕುರ್ಚಿ ಹಾಕಿಸಿದರು. ಅವರ ಹೆಂಡತಿ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ನೀರು ತಂದಿಟ್ಟು ಸರಸರ ಒಳಗೆ ಹೋದರು. ನಿನ್ನ ಹತ್ತಿರ ಮುಚ್ಚಿಡುವುದೇನು, ನನ್ನ ಹೆಸರು ಕೇಳಿ ಹೀಗೆ ಮಾಡಿದರೇನೋ ಎಂದು ದಾರಿಯುದ್ದಕ್ಕೂ ಮನಸ್ಸಿಗೆ ಕಸಿವಿಸಿಯಾಯಿತು. ಅವರು ಬಹಳ ಮರ್ಯಾದಸ್ಥರು, ಪಾಪ. ಅವರ ಮೇಲೆ ಸುಮ್ಮಸುಮ್ಮನೆ ಸಂಶಯಪಟ್ಟೆ.

ಮಂಚ ಮತ್ತು ಫ್ರಿಜ್ ತಿಪ್ಪಸಂದ್ರದಲ್ಲಿ ಒಟ್ಟಿಗೇ ಸಿಕ್ಕವು. ಚೈತನ್ಯ ಎಂಬ ಮೇಷ್ಟರು, ನಿಜವಾಗಿಯೂ ವರ್ಗವಾಗಿ ಹೋಗುತ್ತಿದ್ದವರು. ನಾನು ಫ್ರಿಜ್ಜಿನಿಂದ ಮೂಗು ಹೊರಗೆ ತೆಗೆಯುವಷ್ಟರಲ್ಲಿ ತಾವಾಗಿಯೇ ರೇಟು ಇಳಿಸಿದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತು ಯೋಚಿಸಿದೆ, ಮತ್ತೆ ಇಳಿಸಿದರು. ಚೌಕಾಸಿಯಲ್ಲಿ ನನ್ನಂಥವನಿಲ್ಲ ಎಂದು ಇದ್ರೀಸನ ಮುಂದೆ ಬೀಗಿದೆ.

ಹೀಗೆ ಮನೆ ತುಂಬಿತು. ಹಾಸಿಗೆ ಒಂದನ್ನು ಮಾತ್ರ ಹೊಸ ಹತ್ತಿ ಹೊಡೆಸಿ ಮಾಡಿಸಿದೆ. ಕೆಲಸ ಮುಗಿದ ಮೇಲೆ ದಿನವೂ ಅಲ್ಲಿಗೇ ಹೋಗಿ ಒರೆಸುವುದು, ಜೋಡಿಸುವುದು, ಅಲ್ಲೇ ಮಲಗುವುದು. ನೀನು ಬಂದು ಎಲ್ಲಿ ಏನಿಡುತ್ತೀಯ ಎಂದು ಯೋಚಿಸುತ್ತಾ ಮಲಗಿದರೆ ಸುಸ್ತೆಲ್ಲ ಮರೆತುಹೋಗುತ್ತಿತ್ತು. ಅಷ್ಟು ಸುಖವಾಗಿ ನಾನು ಈ ವರ್ಷ ನಿದ್ದೆ ಮಾಡಿದ್ದು ಅಲ್ಲೇ.

ಒಂದು ದಿನ ಬೆಳಿಗ್ಗೆ ಅಂಕಮ್ಮನವರು ಮಹಡಿಯಿಂದ ಇಳಿದುಬಂದು ಬಾಗಿಲ ಆಚೆಯೇ ನಿಂತರು. ತಪ್ಪು ತಿಳಿಯಬಾರದು ಎಂದು ಎರಡು ಸಲ ಹೇಳಿ, ಆಮೇಲೆ ಕೇಳಿದರು.

"ಮನೆಯೊಳ್ಗೆ ಗೂಡೇನಾದ್ರೂ ಬೇಯಿಸ್ತಾ ಇದ್ದೀರಾ ಸಾಬ್ರೇ?"

ಆಣೆ ಮಾಡಿ ಇಲ್ಲ ಎಂದೆ. ಮಾರಿದವರಲ್ಲಿ ಯಾರೋ ಮೋಸ ಮಾಡಿದ್ದಾರೆ, ಹುಳದ ಮನೆಯ ಸಾಮಾನು ತಂದು ನನ್ನ ತಲೆಗೆ ಕಟ್ಟಿದ್ದಾರೆ, ನೀವೇ ಬಂದು ಯಾವುದೆಂದು ಹೇಳಿ ಎಂದು ಅವರನ್ನು ಒಳಗೆ ಕರೆದೆ. ಪಾಪ, ಆ ಹೆಂಗಸು ನನಗಾಗಿ ಒಂದೊಂದನ್ನೇ ಮೂಸಿ ನೋಡಿದರು. ಫ್ರಿಜ್ಜಿನಲ್ಲಿ ನಿಂಬೆಹಣ್ಣಿನ ವಾಸನೆ. ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ. ಮಿಷನ್ನಿನಲ್ಲಿ ಸೋಪು. ಮಂಚದ ಮರದಲ್ಲಿ ಏನೂ ಇಲ್ಲ. ಹಾಸಿಗೆಯ ಹತ್ತಿರ ಬಂದಾಗ ಇಲ್ಲೈತೆ ಎಂದರು. ಹತ್ತಿ ಹೊಡೆದವನನ್ನು ನಾನು ಬಾಯಿಗೆ ಬಂದಂತೆ ಬೈದೆ. ಅವರು ಗೂಟಕ್ಕೆ ಹಾಕಿದ್ದ ನನ್ನ ಲುಂಗಿಯ ಹತ್ತಿರ ಹೋದರು. ಅಲ್ಲಿಂದ ತಿರುಗಿ ನನ್ನ ಹತ್ತಿರ ಬಂದು ನಿಂತರು. ನಾನಿನ್ನೂ ಬೈಯುತ್ತಲೇ ಇದ್ದೆ.

"ನಿಮ್ಮ ಸಾಮಾನೆಲ್ಲ ಚೆನ್ನಾಗವೆ ಕಣಪ್ಪಾ," ಅಂದರು. "ವಾಸ್ನೆ ನಿಮ್ಮ ಮೈದು."

ಸ್ನಾನ ಮಾಡಿಕೊಂಡೇ ಬರುತ್ತೇನಲ್ಲ ಅಮ್ಮಾ ಎಂದೆ. ಎಲ್ಲಿ ಮಾಡುತ್ತೀರಿ ಎಂದು ಕೇಳಿದರು. ಎಲ್ಲಿ ಮಾಡುತ್ತೇನೆ, ನಿನಗೆ ಗೊತ್ತೇ ಇದೆ. ಗೂಡು ಬೇಯಿಸುವ ಒಲೆಯ ಕಾವಿನಲ್ಲೇ ನೀರು ಕಾಯಿಸಿಕೊಂಡು, ರೇಷ್ಮೆ ಬಿಚ್ಚುವ ಯೂನಿಟ್ಟಿನ ಮೂಲೆಯಲ್ಲೇ ಮಿಂದು, ಅದೇ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿದ ಬಟ್ಟೆ ಹಾಕಿಕೊಳ್ಳುವುದು. ನಮ್ಮ ಅಬ್ಬಾ ಹಾಗೇ ಮಾಡಿದರು, ದಾದಾ ಹಾಗೇ ಮಾಡಿದರು. ಸೌದೆ ಉಳಿಯುತ್ತದೆ. ಅದು ತಪ್ಪೆಂದು ನಮ್ಮಲ್ಲಿ ಯಾರಿಗೂ ತೋಚಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಯಾರಿಗೂ ಆ ವಾಸನೆ ಬರುವುದೇ ಇಲ್ಲ. ನಾನು ಹುಟ್ಟಿದ್ದೇ ನೂಲು ಬಿಚ್ಚುವ ಬೇಸಿನ್ನಿನ ಪಕ್ಕದ ಕೋಣೆಯಲ್ಲಿ. ಅಂಥ ಮೂಗನ್ನು ನಂಬಿಕೊಂಡು ಊರೂರಿನ ಬೀರು, ಫ್ರಿಜ್ಜು ಮೂಸಿಕೊಂಡು ತಿರುಗಿದೆ.

ಅಂಕಮ್ಮನವರು ಹೋದ ಮೇಲೆ ಆ ಮಂಚದ ಮೇಲೆ ಕೂರಲೂ ಆಗದೆ ನೆಲದ ಮೇಲೆ ಕೂತೆ. ಭಾನುಪ್ರಿಯ ಅವರ ಫ್ಯಾನ್ ನೆನಪಾಯಿತು. ಬೋರಲಿಂಗಯ್ಯನವರ ಕುರ್ಚಿ ನೆನಪಾಯಿತು. ಮೇಷ್ಟರು ರೇಟು ಇಳಿಸಿದ್ದು ನಾನು ಬೇಗ ಹೋಗಲಿ ಎಂದು. ಅವರದೆಲ್ಲ ಹೋಗಲಿ, ಅವರು ನನಗೆ ಯಾರು? ಆಮೇಲೆ ನೀನು ನೆನಪಾದೆ, ಮುಬಶ್ಶಿರಾ.

ನೀನು ತಟ್ಟೆ ಹಿಡಿದು ತಾರಸಿಗೆ ಹೋಗಿ ಉಣ್ಣುತ್ತಿದ್ದೆ. ನಮ್ಮ ಅಮ್ಮಿಯ ಅಡಿಗೆ ನಿನಗೆ ಸೇರುವುದಿಲ್ಲ ಎಂದು ನಾನು ರೇಗಿದ್ದೆ. ನೀನು ಮಂಚದ ಆ ಅಂಚಿಗೆ ಸರಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ನನ್ನ ಮೇಲೆ ಮನಸ್ಸಿಲ್ಲ ಎಂದುಕೊಂಡು ನಾನೂ ಈ ಗೋಡೆಗೆ ಮುಖ ಮಾಡುತ್ತಿದ್ದೆ. ಶುಕ್ರವಾರ ನಮಾಜಿಗೆ ಹೊರಟಾಗ ನೀನು ನನ್ನ ಕಿವಿಯ ಹಿಂದೆ ಅತ್ತರ್ ಹಚ್ಚುತ್ತಿದ್ದೆ, ಆಮೇಲೆ ಅಂಗಿಯ ಕಾಲರಿಗೆ, ಆಮೇಲೆ ದಿಂಬಿಗೂ. ಹೆಂಡತಿ ಎಂದರೆ ಹೀಗಿರಬೇಕು ಎಂದು ನಾನು ಸ್ನೇಹಿತರ ಮುಂದೆ ಜಂಬ ಕೊಚ್ಚಿದ್ದೆ. ಆ ಅತ್ತರ್ ನಿನ್ನ ಪ್ರೀತಿ ಎಂದು ಈಗಲೂ ನಂಬಿದ್ದೇನೆ. ಆದರೆ ಅದರ ಜೊತೆಗೆ ಇನ್ನೇನಿತ್ತು ಎಂದು ಈಗ ಗೊತ್ತಾಗಿದೆ.

ಹಿರಿಯರ ಮುಂದೆ ನೀನು ಆ ಮನೆಯ ವಾಸನೆ ಎಂದಾಗ ನಿಮ್ಮ ದೊಡ್ಡಪ್ಪ ನಕ್ಕರು. ಗಂಡನನ್ನು ಬಿಡುವುದಕ್ಕೆ ಇದೂ ಒಂದು ಕಾರಣವೇ, ರೇಷ್ಮೆಯವರ ಮನೆಯಲ್ಲಿ ಮಲ್ಲಿಗೆ ಘಮಘಮ ಅನ್ನುತ್ತದೆಯೇ ಎಂದು ಕೇಳಿದರು. ಎಲ್ಲರೂ ನಕ್ಕರು. ನನ್ನ ಮಾನ ಉಳಿಯಿತು ಎಂದು ನಾನೂ ಸ್ವಲ್ಪ ನಕ್ಕೆ. ನೀನು ತಲೆ ತಗ್ಗಿಸಿಕೊಂಡು ಕೂತಿದ್ದೆ, ಒಂದು ಮಾತೂ ತಿರುಗಿಸಲಿಲ್ಲ. ಇವರ ಮೈ ವಾಸನೆ ಎಂದು ನೀನು ಅವತ್ತು ಒಂದು ಮಾತು ಅಂದಿದ್ದರೆ, ಆ ನಗು ಪೂರ್ತಿ ನನ್ನ ಪಾಲಿಗೆ ಬರುತ್ತಿತ್ತು. ಚನ್ನಪಟ್ಟಣದಿಂದ ರಾಮನಗರದವರೆಗೂ ನಾನು ತಲೆ ಎತ್ತಿ ತಿರುಗುವ ಹಾಗಿರಲಿಲ್ಲ. ನೀನು ಮನೆ ಎಂದೆ. ಸೊಕ್ಕಿನ ಹುಡುಗಿ ಎಂದು ಅನ್ನಿಸಿಕೊಂಡೆ.

ಇದು ನಿಜವೇ? ಇದೇ ನನ್ನ ಪ್ರಶ್ನೆ. ಅವತ್ತು ನೀನು ಮನೆ ಎಂದದ್ದು ನನ್ನನ್ನೇ? ನಿಜವಾದರೆ ಐಜೂರಿನ ಮನೆ ಮಾಡಿ ನಾನು ಏನೂ ಮಾಡಿದಂತಾಗಲಿಲ್ಲ. ಆ ವಾಸನೆಯನ್ನು ನಾನೇ ಹೊತ್ತುಕೊಂಡು ಹೋಗಿ ಅಲ್ಲಿಯೂ ಇಟ್ಟೆ.

ರೇಷ್ಮೆ ಬಿಚ್ಚುವುದನ್ನು ಬಿಡುತ್ತೇನೆ ಎಂದು ಬರೆದರೆ ನೀನು ನಾಳೆಯೇ ಬಂದೀಯೇನೋ. ಆದರೆ ಸುಳ್ಳು ಹೇಳಿ ಕರೆತರಲು ನನಗೆ ಮನಸ್ಸಿಲ್ಲ. ಆ ಆ್ಯಪಿನವರ ಹಾಗೆ ಆಗುತ್ತದೆ, ಬಂದ ಮೇಲೆ ಹಿಂಡುವುದಿಲ್ಲ ಎಂದ ಹಾಗೆ. ನೂಲಿಗೆ ಹುರಿ ಹಾಕುವ ಮಿಲ್ಲಿನಲ್ಲಿ ಬೇಯಿಸುವ ಕೆಲಸ ಇರುವುದಿಲ್ಲ, ಅಲ್ಲಿ ಹೋಗಿ ಕೇಳಿದೆ. ಹಬ್ಬ ಕಳೆಯಲಿ ನೋಡೋಣ ಎಂದಿದ್ದಾರೆ. ಕೊಡುತ್ತಾರೆ ಎಂಬ ಭರವಸೆ ನನಗಿಲ್ಲ, ಕೊಟ್ಟರೂ ಆ ಕೆಲಸ ನನ್ನ ಕೈಗೆ ಹತ್ತುತ್ತದೋ ಇಲ್ಲವೋ ಗೊತ್ತಿಲ್ಲ. ಬಿಸಿ ನೀರಿನಲ್ಲಿ ಗೂಡಿನ ಎಳೆ ಹುಡುಕುವುದು ಬಿಟ್ಟು ನನಗೆ ಬೇರೇನೂ ಬರುವುದಿಲ್ಲ. ಇರುವುದು ಇದ್ದ ಹಾಗೆ ಹೇಳಿದ್ದೇನೆ.

ಅವತ್ತಿನಿಂದ ಆ ಮನೆಯೊಳಗೆ ನಾನು ಕಾಲಿಟ್ಟಿಲ್ಲ. ಮೊದಲಿನ ಹಾಗೆ ಯೂನಿಟ್ಟಿನಲ್ಲೇ ಮಲಗುತ್ತೇನೆ. ಹಾಸಿಗೆಯನ್ನು ಅಂಕಮ್ಮನವರು ತಾರಸಿಯ ಬಿಸಿಲಿಗೆ ಹಾಕಿದ್ದಾರೆ. ಸಂಜೆ ಕೆಲಸ ಬಿಟ್ಟು ಹಿತ್ತಿಲ ಬಾಗಿಲಿನಿಂದ ಹೋಗಿ ನಲ್ಲಿಯ ತಣ್ಣೀರಿನಲ್ಲಿ ಮಿಂದು, ಅಲ್ಲಿಯೇ ಮಿಷನ್ನಿನಲ್ಲಿ ಒಗೆದು ನಾನೇ ಹಿಂಡಿ ಒಣಗಿಸಿದ ಬಟ್ಟೆ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುತ್ತೇನೆ. ಅಂಕಮ್ಮನವರು ಬಂದು ನೋಡಿ ಹೇಳುತ್ತಾರೆ. ಮೊದಲ ದಿನ ಹಾಗೇ ಐತೆ ಅಂದರು. ನಿನ್ನೆ, ಒಸಿ ಕಮ್ಮಿ ಆಗೈತೆ, ಪೂರ್ತಿ ಹೋಗಿಲ್ಲ ಅಂದರು. ಬೀದಿಯವರು ಇದೇನು ನಡೆಯುತ್ತಿದೆ ಎಂದು ನೋಡಿಕೊಂಡು ಹೋಗುತ್ತಾರೆ. ನನಗೆ ಅದರ ಚಿಂತೆ ಹೋಗಿದೆ, ಆದರೆ ದಣಿವು ಹೋಗಿಲ್ಲ.

ಬೀಗದ ಕೈ ಅಂಕಮ್ಮನವರ ಹತ್ತಿರ ಇದೆ. ಸಾಬೀರ್ ಜೊತೆಯೋ ನಿಮ್ಮ ಅಮ್ಮಿಯ ಜೊತೆಯೋ ಬಂದು ಮನೆ ನೋಡು. ನಾನು ಅಲ್ಲಿರುವುದಿಲ್ಲ. ಬೀರುವಿನ ಎಡಗಡೆಯ ಬಾಗಿಲನ್ನು ಸ್ವಲ್ಪ ಎತ್ತಿ ಎಳೆಯಬೇಕು, ಇಲ್ಲದಿದ್ದರೆ ಕಿರುಗುಟ್ಟುತ್ತದೆ. ಮನೆ ಹಿಡಿಸಿದರೆ ಅಲ್ಲೇ ಇದ್ದುಬಿಡು. ನನ್ನನ್ನು ಯಾವಾಗ ಒಳಗೆ ಕರೆಯಬೇಕು, ಕರೆಯಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು. ಖುಲಾ ಕೇಳುವುದೇ ಆದರೂ ಜಮಾತಿನವರ ಮುಂದೆ ನಿಜವಾದ ಕಾರಣವನ್ನೇ ಹೇಳು. ನನಗಾಗಿ ಇನ್ನೊಂದು ಸಲ ಅವರ ನಗೆಪಾಟಲಿಗೆ ಈಡಾಗಬೇಡ. ಹಾಗೊಮ್ಮೆ ಆದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ.

ನೀನಿಲ್ಲದೆ ನನಗೆ ಬಹಳ ಕಷ್ಟವಾಗುತ್ತಿದೆ. ಇದನ್ನು ಮೊದಲೇ ಬರೆಯಬೇಕಿತ್ತು.

ನಿನ್ನವನು,
ಮುಷರಫ್

ಮರೆತ ಮಾತು: ಈ ಕಾಗದವನ್ನು ಯೂನಿಟ್ಟಿನಲ್ಲಿ ಕೂತು ಬರೆದಿಲ್ಲ. ಮಿಂದು ಬಂದು, ಅಂಕಮ್ಮನವರು ಕೊಟ್ಟ ಹಾಳೆಯ ಮೇಲೆ, ಅವರ ಜಗಲಿಯಲ್ಲಿ ಕೂತು ಬರೆದೆ. ಮುಗಿದ ಮೇಲೆ ಅವರೇ ಮೂಸಿ ನೋಡಿ ಏನೂ ಇಲ್ಲ ಬಿಡಪ್ಪಾ ಅಂದರು, ಆದರೆ ನನ್ನ ಸಮಾಧಾನಕ್ಕೆ ಹೇಳಿದ ಹಾಗಿತ್ತು. ನನಗಂತೂ ಗೊತ್ತಾಗುವುದಿಲ್ಲ. ಕೊನೆಯ ಹಾಳೆಯ ಬಲಗಡೆಯ ಅಂಚನ್ನು ಮೂಸಿ ನೋಡು, ಅಲ್ಲಿ ಏನು ಬರೆಯಲೂ ತೋಚದೆ ಬಹಳ ಹೊತ್ತು ಕೈ ಇಟ್ಟುಕೊಂಡು ಕೂತಿದ್ದೆ. ವಾಸನೆ ಇದ್ದರೆ ಇದೆ ಎಂದೇ ಬರೆ. ಈ ಸಲ ಮನೆಯ ಮೇಲೆ ಹಾಕಬೇಡ.